ಅಮೆರಿಕದ ಕಾಲೇಜಿಗೆ ಹೊರಟವರು ಹೆಸರು ಚಿಕ್ಕದು ಮಾಡಿಕೊಳ್ಳುವುದು ಹೇಗೆ

ನನ್ನ ಹೆಸರು ತಿಪ್ಪೇಸ್ವಾಮಿ. ಊರು ಚಳ್ಳಕೆರೆ ತಾಲ್ಲೂಕು, ನಾಯಕನಹಟ್ಟಿಗೆ ಹತ್ತಿರ. ನನಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ. ಅವ್ವ ಹಟ್ಟಿ ತಿಪ್ಪೇಸ್ವಾಮಿಗೆ ಹರಕೆ ಹೊತ್ತಳು. ನಾನು ಹುಟ್ಟಿದಾಗ ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲೆ ಒಂದು ಗಳಿಗೆ ಇಟ್ಟು, ಎತ್ತಿಕೊಂಡು ಬಂದು ಈ ಹೆಸರಿಟ್ಟರು. ನಮ್ಮ ಕಡೆ ಯಾವ ಊರಿಗೆ ಹೋದರೂ ನಾಲ್ಕು ಜನ ತಿಪ್ಪೇಸ್ವಾಮಿ ಸಿಗುತ್ತಾರೆ. ಹಾಗಾಗಿ ಇದು ಕಷ್ಟದ ಹೆಸರು ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ಎಂ.ಎಸ್. ಓದಲು ಅಮೆರಿಕಕ್ಕೆ ಬಂದ ಮೇಲೆ ಗೊತ್ತಾಯಿತು.

ಈಗ ಪ್ರತಿ ವರ್ಷ ಜುಲೈ ಬಂದರೆ ನಮ್ಮ ಕಡೆಯ ಹುಡುಗರು, ಹುಡುಗಿಯರು ಫೋನ್ ಮಾಡುತ್ತಾರೆ. "ಅಣ್ಣಾ, ಅಲ್ಲಿ ಹೆಸರು ಚಿಕ್ಕದು ಮಾಡ್ಕೋಬೇಕಾ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇಕೆನಿಸಿದರೆ ಮಾಡಿಕೊಳ್ಳಿ, ತಪ್ಪೇನಿಲ್ಲ. ಆದರೆ ಆ ಹೆಸರು ನಿಮ್ಮ ಹೆಸರಿನ ಒಳಗಿಂದಲೇ ಬರಲಿ. ಮತ್ತೆ ಅದು ಬಾಯಲ್ಲಿ ಇರಲಿ, ಸರ್ಕಾರಿ ಕಾಗದಕ್ಕೆ ಹೋಗದಿರಲಿ.

ಕಾಗದದ ಮಾತು ಮೊದಲು. ನಮ್ಮಲ್ಲಿ ತುಂಬಾ ಜನರಿಗೆ ಸರ್‌ನೇಮ್ ಇರುವುದಿಲ್ಲ, ಇನಿಷಿಯಲ್ ಮಾತ್ರ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು 'ಎಚ್' ಇತ್ತು. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನೂ ಬಿಟ್ಟು ಗಿವನ್ ನೇಮ್ ಜಾಗದಲ್ಲಿ ತಿಪ್ಪೇಸ್ವಾಮಿ ಅಂತ ಒಂದೇ ಹೆಸರು ಕೊಟ್ಟೆ. ಸರ್‌ನೇಮ್ ಖಾಲಿ. ಹೀಗೆ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಗಿವನ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರೆಯುತ್ತಾರೆ. ಫಸ್ಟ್ ನೇಮ್ ಅನ್‌ನೋನ್. ಅಂದರೆ ಮೊದಲ ಹೆಸರು ಗೊತ್ತಿಲ್ಲ.

ಆ ಮೂರಕ್ಷರ ನನ್ನ ಕಾಲೇಜಿನ ಹಾಜರಿ ಪಟ್ಟಿಗೂ ಬಂದು ಕೂತಿತ್ತು. ಮೊದಲ ಕ್ಲಾಸಿನಲ್ಲಿ ಮೇಷ್ಟ್ರು "ಫ್ನೂ? ಫ್ನೂ ಬಂದಿದ್ದಾರಾ?" ಅಂತ ಎರಡು ಸಲ ಕೂಗಿದರು. ಯಾರೂ ಓಗೊಡಲಿಲ್ಲ. ಕ್ಲಾಸ್ ಮುಗಿದ ಮೇಲೆ ಹೋಗಿ ಪಟ್ಟಿ ನೋಡಿದೆ. ಅವ್ವ ಹರಕೆ ಹೊತ್ತು ಇಟ್ಟ ಹೆಸರಿನ ಮುಂದೆ 'ಗೊತ್ತಿಲ್ಲ' ಅಂತ ಬರೆದಿತ್ತು. ಅವತ್ತು ಊಟ ಸೇರಲಿಲ್ಲ.

ಅದಕ್ಕೇ ಹೇಳುವುದು, ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ತೆಗೆದು ನೋಡಿ. ಸರ್‌ನೇಮ್ ಖಾಲಿ ಇದ್ದರೆ ರೀ-ಇಶ್ಯೂಗೆ ಅರ್ಜಿ ಹಾಕಿ. ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಮಾಡಿಸಿಕೊಳ್ಳಿ. ಆಮೇಲೆ ಕಾಲೇಜಿನ ಅರ್ಜಿ, ಐ-20 (ವಿದ್ಯಾರ್ಥಿ ವೀಸಾಕ್ಕೆ ಬೇಕಾಗುವ, ಕಾಲೇಜು ಕೊಡುವ ಪತ್ರ), ವೀಸಾ ಫಾರಂ ಎಲ್ಲದರಲ್ಲೂ ಒಂದಕ್ಷರ ಆಚೀಚೆ ಆಗದಂತೆ ಅದನ್ನೇ ಬರೆಯಿರಿ. ಐ-20 ಕೈಗೆ ಬಂದ ಮೇಲೆ ಪಾಸ್‌ಪೋರ್ಟ್ ಬದಲಿಸಿದರೆ ಅದನ್ನೂ ತಿದ್ದಿಸಲು ಓಡಾಡಬೇಕು. ಬ್ಯಾಂಕು, ಮನೆ ಬಾಡಿಗೆ ಕರಾರು, ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಸಂಬಳದ ಕಾಗದ, ಎಲ್ಲಕ್ಕೂ ಪಾಸ್‌ಪೋರ್ಟಿನ ಹೆಸರೇ. ಚಿಕ್ಕ ಹೆಸರನ್ನು ಇದರಲ್ಲಿ ಯಾವುದಕ್ಕೂ ಕೊಡಬೇಡಿ.

ಚಿಕ್ಕ ಹೆಸರಿಗೆ ಬೇರೆ ಜಾಗ ಇದೆ. ಬಹಳಷ್ಟು ಯೂನಿವರ್ಸಿಟಿಗಳ ಸ್ಟೂಡೆಂಟ್ ಪೋರ್ಟಲ್‌ನಲ್ಲಿ 'ಪ್ರಿಫರ್ಡ್ ನೇಮ್' ಅಥವಾ 'ಚೋಸನ್ ನೇಮ್' ಅಂತ ಒಂದು ಸಾಲು ಇರುತ್ತದೆ. ಕ್ಲಾಸ್ ಶುರುವಾಗುವ ಮೊದಲೇ ಅದನ್ನು ತುಂಬಿಬಿಡಿ. ಸಾಮಾನ್ಯವಾಗಿ ಹಾಜರಿ ಪಟ್ಟಿಯಲ್ಲಿ ಅದೇ ಬರುತ್ತದೆ. ಕೆಲವು ಕಡೆ ಇಮೇಲ್, ಐಡಿ ಕಾರ್ಡಿನಲ್ಲೂ ಬರುತ್ತದೆ. ವೀಸಾದಲ್ಲಿ ಎಫ್‌ಎನ್‌ಯು ಇದ್ದವರಂತೂ ಇದನ್ನು ಮರೆಯಲೇಬಾರದು.

ಇನ್ನು ಯಾವ ಹೆಸರು? ನನ್ನ ತಪ್ಪು ಇಲ್ಲೇ ಆಗಿದ್ದು. ಲ್ಯಾಬಿನ ಗೆಳೆಯನೊಬ್ಬ "ಟಿಮ್ ಅನ್ನಲಾ?" ಅಂದ. ಹೂಂ ಅಂದುಬಿಟ್ಟೆ. ಒಂದು ತಿಂಗಳು ಟಿಮ್ ಆಗಿದ್ದೆ. ಒಂದು ಭಾನುವಾರ ಅವ್ವನ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಿದ್ದಾಗ ಅಡುಗೆಮನೆಯಿಂದ ರೂಮ್‌ಮೇಟ್ ನನ್ನನ್ನು ಕೂಗಿದ.

"ಯಾರೋ ಅದು ತಿಮ್ಮ?" ಅಂದಳು ಅವ್ವ.

"ನಾನೇ ಅವ್ವ. ಇಲ್ಲಿ ಹಂಗ್ ಕರೀತಾರೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ತಿಮ್ಮಪ್ಪನೂ ದೊಡ್ಡ ದೇವರೇ ಬಿಡು. ಆದ್ರೆ ನಿನ್ನ ಉಳಿಸಿಕೊಟ್ಟಿದ್ದು ಅವನಲ್ಲ" ಅಂದಳು.

ಅವತ್ತು ರಾತ್ರಿ ಹಾಳೆಯ ಮೇಲೆ ಹೆಸರು ಬರೆದು ಬಿಡಿಸಿ ನೋಡಿದೆ. ಕೊನೆಯಲ್ಲಿ 'ಸ್ವಾಮಿ' ಇದ್ದೇ ಇತ್ತು. ನಮ್ಮ ಚಿಕ್ಕಪ್ಪಂದಿರು ಕರೆಯುವುದೂ ಹಾಗೇ. ನಿದ್ದೆಯಲ್ಲಿ ಕರೆದರೂ ಓ ಅನ್ನುತ್ತೇನೆ. ಅದೇ ಸಾಕಾಯಿತು.

ನೀವೂ ಹಾಗೇ ಬರೆದು ಬಿಡಿಸಿ. ಮಂಜುನಾಥ ಇದ್ದರೆ ಮಂಜು, ಬಸವರಾಜ ಇದ್ದರೆ ರಾಜ್. ಅನ್ನಪೂರ್ಣಾಗೆ ಅನ್ನಾ ಸಾಕು, ಆ ಹೆಸರು ಅವರಲ್ಲೂ ಇದೆ. ಕಾವ್ಯಾ, ರವಿ ಅಂಥವರು ಏನೂ ಮಾಡಬೇಕಾಗಿಲ್ಲ. ಪುಟ್ಟಿ, ಪಾಪು ಥರದ ಮುದ್ದಿನ ಹೆಸರು ಬೇಡ. ಅದು ಮನೆಯವರದ್ದು, ನಾಳೆ ಆಫೀಸಿನಲ್ಲಿ ಕರೆಸಿಕೊಳ್ಳುವಾಗ ಕಸಿವಿಸಿ ಆಗುತ್ತದೆ. ಮತ್ತೆ ಇಂಗ್ಲಿಷಿನಲ್ಲಿ ಬರೆದಾಗ ಹೇಗೆ ಕಾಣುತ್ತದೆ ಅಂತ ಅಲ್ಲಿ ಬೆಳೆದವರೊಬ್ಬರಿಗೆ ತೋರಿಸಿ. ಹರ್ಷಿತ್ ಅನ್ನುವ ಹೆಸರಿನ ಕೊನೆಯ ನಾಲ್ಕು ಅಕ್ಷರ ಇಂಗ್ಲಿಷಿನಲ್ಲಿ ಕೆಟ್ಟ ಮಾತು. ನಮ್ಮ ಜೂನಿಯರ್ ಒಬ್ಬ ಅದಕ್ಕೇ ಹರ್ಷ ಅಂತ ಮಾಡಿಕೊಂಡ. ಹೆಸರೂ ಉಳಿಯಿತು, ಅರ್ಥವೂ ಉಳಿಯಿತು.

ಚಿಕ್ಕ ಹೆಸರು ಸಿಕ್ಕಿತು ಅಂತ ಪೂರ್ತಿ ಹೆಸರನ್ನು ಕೈಬಿಡಬೇಡಿ. ಅದನ್ನು ಹೇಳಿಕೊಡಬಹುದು. ನಾವು 'ತ' ಬರೆಯಲು ಟಿ ಪಕ್ಕ ಎಚ್ ಹಾಕುತ್ತೇವೆ. ಅವರು ಅದನ್ನು 'ಥಿಂಕ್' ಅನ್ನುವ ಹಾಗೆ ಓದುತ್ತಾರೆ. ಅದಕ್ಕೇ ನನ್ನ ಹೆಸರು ಅವರ ಬಾಯಲ್ಲಿ 'ಥಿಪ್‌ಸ್ವೇಮಿ' ಆಗುತ್ತಿತ್ತು. ಸ್ಪೆಲಿಂಗ್ ತೋರಿಸಿ ಉಪಯೋಗವಿಲ್ಲ. ನಿಮ್ಮ ಹೆಸರೊಳಗೆ ಅವರಿಗೆ ಗೊತ್ತಿರುವ ಇಂಗ್ಲಿಷ್ ಪದ ಇದೆಯಾ ಹುಡುಕಿ. ನನಗೆ ಎರಡು ಸಿಕ್ಕವು. ಟಿಪ್, ಪೇ. ಹೋಟೆಲಿನಲ್ಲಿ ಕೊಡುವ ಟಿಪ್, ದುಡ್ಡು ಕೊಡುವ ಪೇ. ಟಿಪ್-ಪೇ-ಸ್ವಾಮಿ. 'ತ' ಹೋಗಿ 'ಟ' ಆಗುತ್ತದೆ, ಅಷ್ಟು ಬಿಟ್ಟುಕೊಡಬಹುದು. ನನ್ನ ಗೈಡ್ ಇದನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಅಂಚಿಗೆ ಅಂಟಿಸಿಕೊಂಡರು. ಮೂರನೇ ವಾರಕ್ಕೆ ಚೀಟಿ ನೋಡದೆ ಕರೆದರು. ನನಗೆ ಗಂಟಲು ಕಟ್ಟಿತು.

ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಹೆಸರನ್ನು ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ ಇಡಬಹುದು. 10 ಸೆಕೆಂಡ್ ಸಿಗುತ್ತದೆ, ಧಾರಾಳ ಸಾಕು. ರೆಸ್ಯೂಮೆಯಲ್ಲಿ ಪೂರ್ತಿ ಹೆಸರು ಬರೆದು, ಚಿಕ್ಕದನ್ನು ಪಕ್ಕದಲ್ಲಿ ಬರೆಯಿರಿ.

ಈಗಾಗಲೇ ಬೇರೆ ಯಾವುದೋ ಹೆಸರಿಗೆ ಹೂಂ ಅಂದುಬಿಟ್ಟಿದ್ದರೆ? ಬದಲಿಸಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಾನು ಲ್ಯಾಬಿನ ಎಲ್ಲರಿಗೂ ನಾಲ್ಕು ಸಾಲಿನ ಮೇಲ್ ಕಳಿಸಿದೆ. 'ಇಷ್ಟು ದಿನ ನನ್ನನ್ನು ಟಿಮ್ ಅಂತ ಕರೆಯುತ್ತಿದ್ದಿರಿ. ಇನ್ನು ಮೇಲೆ ಸ್ವಾಮಿ ಅನ್ನಿ. ಪೂರ್ತಿ ಹೆಸರು ಟಿಪ್-ಪೇ-ಸ್ವಾಮಿ, ಅದನ್ನು ಕಲಿತರೆ ಇನ್ನೂ ಖುಷಿ. ಥ್ಯಾಂಕ್ಸ್.' ಇಷ್ಟೇ. ಕಾರಣ ಉದ್ದಕ್ಕೆ ಬರೆಯಬೇಡಿ, ಕ್ಷಮೆ ಕೇಳಬೇಡಿ. ಒಂದೆರಡು ವಾರ ಹಳೆಯ ಹೆಸರೇ ಅವರ ಬಾಯಿಗೆ ಬರುತ್ತದೆ. ಪ್ರತಿ ಸಲವೂ "ಸ್ವಾಮಿ" ಅಂತ ಮೆಲ್ಲಗೆ ಹೇಳಿ, ಮಾತು ಮುಂದುವರಿಸಿ.