ಬರುವವರಿಗೆ 24 ಗಂಟೆ, ಹೋಗುವವರಿಗೆ ಒಂದು ತಿಂಗಳು

ಹೊರದೇಶದಿಂದ ಬರುವ ಅತಿಥಿಗಳು, ಹೊರದೇಶಕ್ಕೆ ಸೇವೆಗೆ ಹೊರಡುವ ಸಿಸ್ಟರ್‌ಗಳು, ಇಬ್ಬರ ಓಡಾಟವನ್ನೂ ಕಾರವಾರದ ನಮ್ಮ ಕಾನ್ವೆಂಟ್‌ನಲ್ಲಿ ನಾನೇ ನೋಡಿಕೊಳ್ಳುತ್ತೇನೆ. ಒಂದೇ ವಾರದಲ್ಲಿ ಮೂವರು ಬಂದು ಇಬ್ಬರು ಹೊರಡುವುದೂ ಉಂಟು. ಅಂಥ ವಾರ ಕೈಮೀರಬಾರದೆಂದರೆ ಒಂದು ಲೆಕ್ಕ ತಲೆಯಲ್ಲಿರಬೇಕು: ಬಂದವರ ಕಾಗದ 24 ಗಂಟೆಯೊಳಗೆ ಮುಗಿಯಬೇಕು, ಹೋಗುವವರ ಕಾಗದ ತಿಂಗಳ ಮೊದಲೇ ಶುರುವಾಗಬೇಕು.

ನಾವೆಲ್ಲ ಈಗಲೂ ಸಿ ಫಾರ್ಮ್ ಎಂದೇ ಕರೆಯುವ, ತಂಗುವ ವಿದೇಶಿಯರ ಬಗ್ಗೆ ಸರ್ಕಾರಕ್ಕೆ ಕೊಡುವ ವಿವರವನ್ನು ಅವರು ಬಂದಿಳಿದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಲೇಬೇಕು. ಲಾಡ್ಜಿಗೆ ಮಾತ್ರವಲ್ಲ, ಕಾನ್ವೆಂಟ್‌ಗೂ ಮನೆಗೂ ಇದೇ ನಿಯಮ. ಅತಿಥಿ ನಡುರಾತ್ರಿ ಬಂದು ಮಲಗಿಬಿಟ್ಟರೆ ಅರ್ಧ ದಿನ ಹಾಗೇ ಹೋಗುತ್ತದೆ. ಅದಕ್ಕೇ ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಫೋಟೋ ಮೊದಲೇ ವಾಟ್ಸ್ಯಾಪ್‌ಗೆ ತರಿಸಿಕೊಂಡಿರುತ್ತೇನೆ. ಉಳಿಯುವುದು ಇಮಿಗ್ರೇಶನ್ ಮೊಹರಿನ ಪುಟ ಒಂದೇ. ಅದನ್ನು ಕೋಣೆಯ ಕೀ ಕೊಡುವಾಗಲೇ ತೆಗೆದುಕೊಳ್ಳುತ್ತೇನೆ. ಟ್ಯೂಬ್‌ಲೈಟ್ ನೇರ ಕೆಳಗೆ ಹಿಡಿದರೆ ಪುಟ ಹೊಳೆದು ತಾರೀಖೇ ಕಾಣುವುದಿಲ್ಲ, ಸ್ವಲ್ಪ ಓರೆಯಾಗಿ ಹಿಡಿಯಬೇಕು. ಗೋವಾದ ನೆಂಟರಲ್ಲಿ ಪೋರ್ಚುಗೀಸ್ ಪಾಸ್‌ಪೋರ್ಟ್ ಇದ್ದವರು ಬಹಳ. ಮನೆಮಾತು ಕೊಂಕಣಿಯೇ ಆದರೂ ಕಾಗದದಲ್ಲಿ ಅವರು ವಿದೇಶಿಯರೇ.

ವೀಸಾದ ಬಗೆ ಇನ್ನೂ ಮುಖ್ಯ. ಪ್ರವಾಸಿ ವೀಸಾದಲ್ಲಿ ಬಂದ ಫಾದರ್ ಪೂಜೆಯಲ್ಲಿ ಪಾಲ್ಗೊಳ್ಳಬಹುದು, ಆದರೆ ಹಳ್ಳಿಹಳ್ಳಿಗೆ ಹೋಗಿ ಪ್ರಚಾರ ಮಾಡುವಂತಿಲ್ಲ. ಮಿಷನರಿ ಕೆಲಸಕ್ಕೆ ಬರುವವರಿಗೆ ಮಿಷನರಿ ವೀಸಾ ಬೇಕು. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದವರಿಗೂ ಮಿಷನರಿ ಕೆಲಸಕ್ಕೆ ವಿಶೇಷ ಅನುಮತಿ ಬೇಕೆಂದು 2021ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಇಲಾಖೆ ಸ್ಪಷ್ಟವಾಗಿ ಹೇಳಿದೆ. ಅತಿಥಿ ತಮ್ಮ ದೇಶದಿಂದ ಹೊರಡುವ ಮೊದಲೇ ಕೇಳಬೇಕಾದ ಇನ್ನೊಂದು ಪ್ರಶ್ನೆ: ಸ್ಯಾಟಲೈಟ್ ಫೋನ್ ಇದೆಯೇ? ಅನುಮತಿ ಇಲ್ಲದೆ ಅದನ್ನು ಭಾರತಕ್ಕೆ ತಂದರೆ ಕೇಸೇ ಆಗುತ್ತದೆ.

ಹೋಗುವವರ ವಿಷಯದಲ್ಲಿ ಮೊದಲ ತೊಡಕು ಹೆಸರಿನದು. ಕಾನ್ವೆಂಟ್‌ನಲ್ಲಿ ಎಲ್ಲರೂ ಕರೆಯುವುದು ವ್ರತ ಸ್ವೀಕರಿಸಿದಾಗ ಬಂದ ಹೆಸರಿನಿಂದ, ಪಾಸ್‌ಪೋರ್ಟ್‌ನಲ್ಲಿರುವುದು ಮನೆಯಲ್ಲಿಟ್ಟ ಹೆಸರು. ಆಹ್ವಾನ ಪತ್ರ ಒಂದು ಹೆಸರಿಗೆ, ಟಿಕೆಟ್ ಇನ್ನೊಂದಕ್ಕೆ ಬಂದರೆ ವೀಸಾ ಅಲ್ಲೇ ನಿಲ್ಲುತ್ತದೆ. ಕಾಗದ ಯಾವುದೇ ಇರಲಿ, ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಯಬೇಕು.

ಎರಡನೆಯದು ಹಳದಿ ಜ್ವರದ ಲಸಿಕೆ. ಉಗಾಂಡಕ್ಕೆ ಹೋಗುವವರನ್ನೇ ತೆಗೆದುಕೊಳ್ಳಿ. ಅಲ್ಲಿನ ಇ-ವೀಸಾ ಅರ್ಜಿಗೇ ಲಸಿಕೆಯ ಪ್ರಮಾಣಪತ್ರ ಲಗತ್ತಿಸಬೇಕು. ಹಾಗಾಗಿ ಮೊದಲು ಸೂಜಿ, ಆಮೇಲೆ ವೀಸಾ, ಕೊನೆಗೆ ಟಿಕೆಟ್. ಲಸಿಕೆ ಸಿಗುವುದು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ಒಂದು ಸೀಸೆಯಲ್ಲಿ ಹಲವರ ಡೋಸ್ ಇರುತ್ತದೆ, ತೆರೆದ ಮೇಲೆ ಆರು ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಅದಕ್ಕಾಗಿ ದಿನ ಗೊತ್ತುಮಾಡಿ ಜನರನ್ನು ಒಟ್ಟಿಗೆ ಕರೆಯುತ್ತಾರೆ, ನಾವು ಹೋದ ದಿನ ಸಿಗುವುದಿಲ್ಲ. ಪ್ರಮಾಣಪತ್ರ ಜಾರಿಗೆ ಬರುವುದು ಸೂಜಿಯ 10 ದಿನದ ನಂತರ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರು, ಮೊಟ್ಟೆ ಆಗದವರು ಮೊದಲು ಡಾಕ್ಟರನ್ನು ಕೇಳಲೇಬೇಕು. ವಾಪಸ್ ಬರುವಾಗ ಪ್ರಮಾಣಪತ್ರದ ಆ ಹಳದಿ ಪುಸ್ತಕ ಕೈಯಲ್ಲಿಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಕ್ವಾರಂಟೈನ್. ಈ ರೋಗ ಹರಡುವ ಸೊಳ್ಳೆ ಇಲ್ಲಿ ಧಾರಾಳವಾಗಿದೆ, ವೈರಸ್ ಮಾತ್ರ ಇನ್ನೂ ಬಂದಿಲ್ಲ. ಈ ಬಿಗಿಗೆ ಕಾರಣ ಅದೇ, ಅದು ಸರಿಯಾದದ್ದೇ.

ಸಾಮಾನನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗುತ್ತೇವೆ. ಮಿತಿ 23 ಕಿಲೋ ಇದ್ದರೆ 22ಕ್ಕೆ ನಿಲ್ಲಿಸುತ್ತೇವೆ. ಅಪ್ಪೆಮಿಡಿ ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೇ ಹೋಗಬೇಕು, ಕೈಚೀಲದಲ್ಲಿ ದ್ರವಕ್ಕೆ 100 ಮಿಲಿಯ ಮಿತಿ. ಬಾಟಲಿಯನ್ನು ಕಂಠದವರೆಗೆ ತುಂಬಬಾರದು, ಒಂದಿಂಚು ಬಿಟ್ಟು, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಕೊಟ್ಟು ತಿರುಗಿಸಬೇಕು. ರಾತ್ರಿಯಿಡೀ ಬಾಟಲಿಯನ್ನು ತಲೆಕೆಳಗಾಗಿ ಪೇಪರಿನ ಮೇಲೆ ನಿಲ್ಲಿಸುತ್ತೇನೆ. ಬೆಳಿಗ್ಗೆ ಪೇಪರಿನಲ್ಲಿ ಎಣ್ಣೆಯ ಬಳೆ ಕಂಡರೆ ಆ ಬಾಟಲಿ ಹೋಗುವುದಿಲ್ಲ. ಒಣಕೊಬ್ಬರಿ ಬೇಡವೇ ಬೇಡ. ಅದರ ಎಣ್ಣೆ ತಾನಾಗಿ ಕಾವೇರಿ ಬೆಂಕಿ ಹಿಡಿಯಬಲ್ಲದು ಎಂದು ಬ್ಯಾಗಿನಿಂದ ತೆಗೆಸುತ್ತಾರೆ. ಪವರ್‌ಬ್ಯಾಂಕ್ ಕೈಚೀಲಕ್ಕೆ ಮಾತ್ರ.

ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣ. ಟಿಕೆಟ್‌ನಲ್ಲಿ ಜಿಒಐ ಎಂದಿದ್ದರೆ ದಾಬೋಳಿ, ಜಿಒಎಕ್ಸ್ ಎಂದಿದ್ದರೆ 2023ರ ಜನವರಿಯಲ್ಲಿ ಶುರುವಾದ ಮೋಪಾ. ಮೋಪಾ ಗೋವಾದ ಉತ್ತರದ ತುದಿಯಲ್ಲಿದೆ, ತಪ್ಪಿ ಒಂದರ ಬದಲು ಇನ್ನೊಂದಕ್ಕೆ ಹೋದರೆ ವಿಮಾನ ಸಿಗುವುದಿಲ್ಲ. ಡ್ರೈವರ್‌ಗೆ ‘ಗೋವಾ ಏರ್‌ಪೋರ್ಟ್’ ಎನ್ನದೆ ಹೆಸರು ಹೇಳಿ, ಚೀಟಿಯಲ್ಲೂ ಬರೆದುಕೊಡುತ್ತೇನೆ. ಸಮಯವನ್ನು ಹಿಂದಿನಿಂದ ಎಣಿಸಬೇಕು: ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು, ದಾಬೋಳಿಯ ದಾರಿಗೆ ಮೂರು ಗಂಟೆ, ಮೋಪಾಕ್ಕೆ ನಾಲ್ಕು, ಮಳೆಗಾಲದಲ್ಲಿ ಮೇಲೊಂದು. 2024ರ ಆಗಸ್ಟ್‌ನಲ್ಲಿ ಗೋವಾ ದಾರಿಯ ಕಾಳಿ ನದಿಯ ಹಳೆ ಸೇತುವೆ ಕುಸಿದ ಮೇಲೆ, ಹೊರಡುವ ಮೊದಲು ನದಿಯಾಚೆಯ ಸದಾಶಿವಗಡದ ಕಡೆಯವರೊಬ್ಬರಿಗೆ ಫೋನ್ ಮಾಡಿ ರಸ್ತೆ ವಿಚಾರಿಸುವುದು ನಮ್ಮಲ್ಲಿ ರೂಢಿಯಾಗಿದೆ.

ಹೋಗುವವರನ್ನು ಇಳಿಸಿದ ಕಾರನ್ನು ಕೂಡಲೇ ತಿರುಗಿಸುವುದಿಲ್ಲ. ‘ಇಮಿಗ್ರೇಶನ್ ಆಯ್ತು ಸಿಸ್ಟರ್’ ಎಂಬ ಮೆಸೇಜ್ ಬರುವವರೆಗೆ ಡ್ರೈವರ್ ಪಾರ್ಕಿಂಗ್‌ನಲ್ಲೇ ಇರುತ್ತಾನೆ.