ಐದು ಲೋಹ ಸಮಸಮ ಹಾಕಿ ಕ್ಯಾಂಟರ್ ಅಲಾಯ್ ಮಾಡೋದು ಹೆಂಗ

ಬೆಳಗಾವಿ ಉದ್ಯಮಬಾಗದ ಫೌಂಡ್ರಿಯೊಳಗ ಕಬ್ಬಿಣಾನ ಮುಖ್ಯ, ಉಳಿದದ್ದೆಲ್ಲ ಅದಕ್ಕ ಚೂರುಚೂರು ಸೇರಿಸೋದು. ಹೈ ಎಂಟ್ರಪಿ ಅಲಾಯ್‌ದಾಗ (ಅಲಾಯ್ ಅಂದ್ರ ಮಿಶ್ರಲೋಹ, ಎಂಟ್ರಪಿ ಅಂದ್ರ ಒಳಗಿನ ಪರಮಾಣು ಎಷ್ಟು ಕಲಸಿಕೊಂಡಾವು ಅನ್ನೋ ಅಳತಿ) ಹಂಗಿಲ್ರಿ, ಐದು ಇಲ್ಲಾ ಜಾಸ್ತಿ ಲೋಹ, ಒಂದೊಂದೂ 5ರಿಂದ 35 ಅಟಾಮಿಕ್ ಪರ್ಸೆಂಟ್, ಅಂದ್ರ ನೂರು ಪರಮಾಣುದಾಗ ಅಷ್ಟು. 2004ರಾಗ ತೈವಾನದಾಗ ಯೇ ಅನ್ನೋ ವಿಜ್ಞಾನಿ, ಇಂಗ್ಲೆಂಡದಾಗ ಬ್ರಯಾನ್ ಕ್ಯಾಂಟರ್ ಅನ್ನೋ ವಿಜ್ಞಾನಿ, ಇಬ್ರೂ ಬ್ಯಾರೆಬ್ಯಾರೆ ಇದರ ಪೇಪರ್ ಹಾಕಿದ್ರು. ಪ್ರಾಜೆಕ್ಟಿಗೆ ತಗೊಳ್ಳೋರು ಈ ಕ್ಯಾಂಟರ್ ಹೆಸರಿನ ಐದು ಲೋಹದ ಕ್ಯಾಂಟರ್ ಅಲಾಯ್‌ನಿಂದನ ಸುರು ಮಾಡ್ರಿ, ಹೋಲಿಸಿ ನೋಡಾಕ ಡೇಟಾ ಬೇಕಾದಷ್ಟು ಸಿಗತೈತಿ.

ಮೊದಲ ತೂಕ. ಸಮಸಮ ಅಂದ್ರ ಗ್ರಾಂ ಲೆಕ್ಕ ಅಲ್ಲ, ಪರಮಾಣು ಲೆಕ್ಕ, ಹಂಗಾಗಿ 100 ಗ್ರಾಂಗೆ ಕೋಬಾಲ್ಟ್ 21.02, ಕ್ರೋಮಿಯಂ 18.54, ಕಬ್ಬಿಣ 19.92, ಮ್ಯಾಂಗನೀಸ್ 19.59, ನಿಕಲ್ 20.93 ಬರತೈತಿ. ಫೌಂಡ್ರಿಯಾಗ ಸಿಗತೈತಿ ಅಂತ ಹೈ ಕಾರ್ಬನ್ ಫೆರೋಮ್ಯಾಂಗನೀಸ್ (ಕಬ್ಬಿಣ, ಕಾರ್ಬನ್ ಸೇರಿದ ಮ್ಯಾಂಗನೀಸ್) ಹಾಕಬ್ಯಾಡ್ರಿ, ಕಾರ್ಬನ್ ಹೊಕ್ಕು ಲೋಹದ ಕೂಡ ಸೇರಿ ಕಾರ್ಬೈಡ್ ಆಗತಾವು, ಶುದ್ಧ ಲೋಹಾನ ಬೇಕು.

ಕರಗಿಸೋದು ಆರ್ಗಾನ್ ಅನಿಲ ತುಂಬಿದ ಆರ್ಕ್ ಮೆಲ್ಟರ್‌ದಾಗ (ಕರೆಂಟಿನ ಕಿಡಿಯಿಂದ ಕರಗಿಸೋ ಕುಲುಮಿ), ಕೆಳಗ ನೀರು ಹರಿಯೋ ತಾಮ್ರದ ಹಾಸು. ಇಲ್ಲಿ ಕಾಡೋದು ಮ್ಯಾಂಗನೀಸ್: ಕ್ರೋಮಿಯಂ ಕರಗಾಕ 1907 ಡಿಗ್ರಿ ಬೇಕು, ಮ್ಯಾಂಗನೀಸ್ 2061ಕ್ಕ ಕುದಿಯಾಕ ಹತ್ತತೈತಿ, ಅದಕ್ಕೂ ಮೊದಲ ಆವಿಯಾಗಿ ಹಾರತಿರತೈತಿ, ಅದಕ್ಕ ಅದನ್ನ ಎಲ್ಲಾದರ ಕೆಳಗಿಟ್ಟು ಕ್ರೋಮಿಯಂ ಮ್ಯಾಲೆ ಇಡ್ರಿ, ಸ್ವಲ್ಪ ಹೆಚ್ಚಿಗೇನೂ ಹಾಕ್ರಿ. ಮೊದಲ ಒಂದು ಟೈಟಾನಿಯಂ ತುಂಡು ಕರಗಿಸಿದ್ರ ಒಳಗುಳಿದ ಆಕ್ಸಿಜನ್ ಅದು ಹೀರ್ಕೊಂಡಬಿಡತೈತಿ. ಕರಗಿ ಗಟ್ಟಿಯಾದ ಉಂಡಿ (ಬಟನ್ ಅಂತಾರ) ತಿರುವಿ ತಿರುವಿ ನಾಕೈದು ಸಲ ಕರಗಿಸ್ರಿ, ಆಮ್ಯಾಲೆ 1100-1200 ಡಿಗ್ರಿಯಾಗ ಒಂದು ದಿನ ಇಡ್ರಿ, ಇಲ್ಲಾಂದ್ರ ಮ್ಯಾಂಗನೀಸ್ ಅಲ್ಲಲ್ಲೆ ಗುಂಪಾಗಿ ಕೂತಿರತೈತಿ.

ಎಕ್ಸ್‌ಆರ್‌ಡಿದಾಗ (ಎಕ್ಸ್‌-ರೇ ಬಿಟ್ಟು ಪರಮಾಣುಗಳ ಜೋಡಣಿ ನೋಡೋ ಪರೀಕ್ಷೆ) ಬರೇ ಎಫ್‌ಸಿಸಿ ಅನ್ನೋ ಒಂದ ಜೋಡಣಿಯ ಪೀಕ್ ಬಂದ್ರ ಸರಿ. ಎಂಟ್ರಪಿ ಜಾಸ್ತಿ ಐತಿ ಅಂದಮ್ಯಾಲೆ ಒಂದ ಫೇಸ್ (ಒಳಗೆಲ್ಲ ಒಂದ ಥರದ ರಚನೆ) ಆಗೇ ಆಗತೈತಿ ಅನ್ನೋದು ತಪ್ಪು, ಐದರಾಗ ಒಂದು ಲೋಹ ಬದಲಿಸಿದ್ರೂ ಎರಡ್ಮೂರು ಫೇಸ್ ಬರಬೌದು, ಅದಕ್ಕ ಯಾವ ಲೋಹ ಎಲ್ಲೆಲ್ಲಿ ಐತಿ ಅಂತ ತೋರಿಸೋ ಇಡಿಎಸ್ ಮ್ಯಾಪಿಂಗೂ ಮಾಡಿಸ್ರಿ.

ಇದರ ತಾಕತ್ತು ಥಂಡಿಯೊಳಗ: ಮೈನಸ್ 196 ಡಿಗ್ರಿಯಾಗ ಬಲಾನೂ ಹೆಚ್ಚತೈತಿ, ಎಳೆದ್ರ ಮುರೀದ ಹಿಗ್ಗೋದೂ ಹೆಚ್ಚತೈತಿ, ದ್ರವ ಅನಿಲದ ಟ್ಯಾಂಕಿಗೆ ಭಾಳ ಆಸೆ ಇಟ್ಟಾರ. ಕೋಬಾಲ್ಟ್ ತುಟ್ಟಿ, ಹಿಂಗಾಗಿ ನಮ್ಮ ಹೈಡ್ರಾಲಿಕ್ ವರ್ಕ್‌ಶಾಪಿಗೆ ಇಡೀ ಪಾರ್ಟ್ ಬ್ಯಾಡ, ಸವೆಯೋ ಜಾಗಾದಾಗ ಲೇಸರ್ ಕ್ಲ್ಯಾಡಿಂಗ್ (ಲೇಸರಿನಿಂದ ಕರಗಿಸಿ ಮ್ಯಾಲೊಂದು ಪದರ ಕೂಡಿಸೋದು) ಸಾಕು ಅನಸ್ತೈತಿ ನನಗ, ಅದಕ್ಕ ಮ್ಯಾಂಗನೀಸ್ ಬಿಟ್ಟು ಅಲ್ಯೂಮಿನಿಯಂ ಹಾಕ್ರಿ, ಗಟ್ಟಿ ಆಗತೈತಿ, ಆದ್ರ ಅಷ್ಟ ಪೆಡಸೂ ಆಗತೈತಿ, ಬಿರುಕು ನೋಡ್ಕೊಂತ ಇರ್ರಿ.