ಗಂಡನ ಹೆಸರು ಹೇಳದವರ ಚೀಟಿ

"ಯಜಮಾನ್ರ ಹೆಸರೇನವ್ವ?"

ಆಸ್ಪತ್ರೆಯಲ್ಲಿ ನಾನು ಚೀಟಿ ಬರೆದುಕೊಡುವ ಕಿಟಕಿಯಾಚೆ ಎಪ್ಪತ್ತು ದಾಟಿದ ಅಜ್ಜಿ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಿಂದೆ ನಿಂತಿದ್ದವಳ ಮುಖ ನೋಡಿದರು. ಅವಳದು ಬೇರೆ ಊರು, ಅವಳಿಗೂ ಗೊತ್ತಿಲ್ಲ. ಸಾಲಿನಲ್ಲಿದ್ದವರು ಗೊಣಗತೊಡಗಿದ ಮೇಲೆ ಅಜ್ಜಿ ಕಿಟಕಿಗೆ ಬಾಯಿ ತಂದು, "ಅದೇ ಕಣವ್ವ, ಹೊಳೆ ದಂಡೇಲಿ ಕುಂತವ್ನಲ್ಲ ಆಂಜನೇಯ, ಆ ದೇವ್ರ ಹೆಸ್ರು" ಅಂದರು. ನಾನು ಆಂಜನೇಯ ಅಂತಲೇ ಬರೆದೆ. ವಾರ ಬಿಟ್ಟು ಮೊಮ್ಮಗ ರೇಷನ್ ಕಾರ್ಡ್ ತಂದು ತೋರಿಸಿದಾಗ ಅದರಲ್ಲಿದ್ದದ್ದು ಮುತ್ತುರಾಜ. ಮುತ್ತತ್ತಿಯ ಆಂಜನೇಯ ಮುತ್ತುರಾಯ ಅನ್ನುವುದು ಮಳವಳ್ಳಿ ಕಡೆಯ ಮಕ್ಕಳಿಗೂ ಗೊತ್ತು. ನಾನು ಹುಟ್ಟಿ ಬೆಳೆದದ್ದು ಕೆ.ಆರ್. ಪೇಟೆ ಕಡೆ, ಇಲ್ಲಿಗೆ ಸೊಸೆಯಾಗಿ ಬಂದವಳು. ನನಗೆ ಹೊಳೆಯಲಿಲ್ಲ.

2018ರಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಾಗ ಈ ಕೆಲಸ ಸಿಕ್ಕಿತು. ಮಳವಳ್ಳಿ ಕಡೆಯ 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ, ಹೊರಗುತ್ತಿಗೆ, ಕಾಗದದಲ್ಲಿ ಡೇಟಾ ಎಂಟ್ರಿ ಆಪರೇಟರ್. ಜನರ ಬಾಯಲ್ಲಿ 'ಚೀಟಿ ಮೇಡಂ'. ತರಬೇತಿ ಅಂತ ಆದದ್ದು ಅರ್ಧ ದಿನ. ನನಗಿಂತ ಮುಂಚೆ ಇದ್ದ ಹುಡುಗ ಕೀಬೋರ್ಡಿನ ಅಡಿ ಅಂಟಿಸಿದ್ದ ಪಾಸ್‌ವರ್ಡ್ ತೋರಿಸಿ, "ಹನ್ನೊಂದರ ಮೇಲೆ ಸರ್ವರ್ ಮಲಗುತ್ತೆ, ಅಷ್ಟರೊಳಗೆ ಆದಷ್ಟು ಮಾಡಿ" ಎಂದು ಹೇಳಿ ಹೋದ. ಸಂಬಳ ಎರಡು ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತದೆ ಅನ್ನುವುದನ್ನು ಮಾತ್ರ ಅವನು ಹೇಳಲಿಲ್ಲ.

ಮೊದಲ ಆರು ತಿಂಗಳು ನನ್ನ ಗುರಿ ಒಂದೇ, ಸಾಲು ಕರಗಿಸುವುದು. ಬೆಳಗಿನ ಮೊದಲ ಎರಡು ಬಸ್ಸು ಬಂದು ಹೋದ ಮೇಲೆ ಕಿಟಕಿ ಮುಂದೆ ಅರವತ್ತು ಎಪ್ಪತ್ತು ಜನ. ಹೆಸರು, ವಯಸ್ಸು, ಊರು, ಚೀಟಿ, ಮುಂದಕ್ಕೆ. ಬೇಗ ಕೊಟ್ಟೆ ಅಂತ ನನಗೇ ಹೆಮ್ಮೆ. ಆ ಅವಸರದ ಸಾಲ ಆಮೇಲೆ ಬಡ್ಡಿ ಸಮೇತ ತೀರಿಸಬೇಕಾಯಿತು.

ನಮ್ಮ ಸುತ್ತಿನ ಊರುಗಳಲ್ಲಿ ಜಯಮ್ಮ ಅಂತ ಹುಡುಕಿದರೆ ಪರದೆ ತುಂಬುತ್ತದೆ. ಹುಟ್ಟಿದ ದಿನ ನೋಡಿ ಬೇರ್ಪಡಿಸೋಣ ಅಂದರೆ ಎಲ್ಲರದೂ ಜನವರಿ 1. ಆಧಾರ್ ಮಾಡಿಸುವಾಗ ವರ್ಷವೂ ಅಂದಾಜಿನಲ್ಲಿ ಹೇಳಿದವರಿಗೆಲ್ಲ ಅದೇ ತಾರೀಖು ಕೂತಿದೆ. ಹೀಗೆ ಒಬ್ಬ ಜಯಮ್ಮನ ಸಕ್ಕರೆ ಕಾಯಿಲೆಯ ದಾಖಲೆ ಇನ್ನೊಬ್ಬ ಜಯಮ್ಮನಿಗೆ ಸೇರಿತ್ತು. ಡಾಕ್ಟರು ಆ ಹೆಂಗಸನ್ನು ಎರಡು ಮಾತು ಕೇಳಿ ಹಿಡಿದರು, ನನ್ನನ್ನು ಕರೆದು ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ದಾರಿ ತೋರಿಸಿದವರು ನಮ್ಮ ಡಿ ಗ್ರೂಪ್‌ನ ಅಣ್ಣ. ಓದಿದ್ದು ಏಳನೇ ಕ್ಲಾಸು. ಗುರುವಾರ ಲಸಿಕೆ ದಿನ ಉಪಕೇಂದ್ರಗಳಿಗೆ ಲಸಿಕೆ ಡಬ್ಬ ಹೊರಡಿಸುವುದು ಇವರ ಕೆಲಸ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೇ ಡಬ್ಬಕ್ಕೆ ಹಾಕುವುದಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬರಬೇಕು. ಇಲ್ಲದಿದ್ದರೆ ಕೆಲವು ಲಸಿಕೆ ಹೆಪ್ಪುಗಟ್ಟಿ ಕೆಡುತ್ತವೆ. ಅವರು ಕೇಳಿ ಕೇಳಿ ಕಲಿತದ್ದು ಇದು. ನನ್ನ ಗೋಳಾಟ ನೋಡಿ ಒಂದು ದಿನ ಅಂದರು: "ಹೆಸ್ರು ಆಮೇಲೆ ಕೇಳಿ ಮೇಡಂ. ಯಾರ ಮನೆಯೋರು ಅಂತ ಮೊದ್ಲು ಕೇಳಿ."

ಅಂದಿನಿಂದ ಪಕ್ಕದಲ್ಲಿ ನೋಟ್‌ಬುಕ್ ಇಟ್ಟೆ. ಜಯಮ್ಮ, ಗೌಡರಟ್ಟಿ, ಮೇಷ್ಟ್ರ ಮನೆ. ಜಯಮ್ಮ, ಅದೇ ಊರು, ಅಕ್ಕಿ ಗಿರಣಿ ಹಿಂದೆ. ಗಂಡನ ಹೆಸರು ಬಾಯಿಗೆ ಬಾರದಿದ್ದರೆ ಒತ್ತಾಯ ಮಾಡುವುದಿಲ್ಲ, ರೇಷನ್ ಕಾರ್ಡ್ ಕೇಳುತ್ತೇನೆ. ಅದೂ ಇಲ್ಲದಿದ್ದರೆ ಮಗನ ಹೆಸರು. ಮಗನ ಹೆಸರನ್ನು ಯಾವ ತಾಯಿಯೂ ಮುಚ್ಚಿಡುವುದಿಲ್ಲ, ಸೊಸೆ ಹೆಸರು, ಅವಳ ಮೇಲಿನ ದೂರು ಸಮೇತ ಹೇಳುತ್ತಾಳೆ. ಸಾಲು ನಿಧಾನವಾಯಿತು, ನಿಜ. ಜಗಳವೂ ಆಯಿತು.

ಹೆಚ್ಚು ತಲೆಕೆಡಿಸುವುದು ಬಸುರಿಯರ ಲೆಕ್ಕ. ನಮ್ಮಲ್ಲಿ ಮೊದಲ ಹೆರಿಗೆ ತವರಲ್ಲಿ. ಗಂಡನ ಊರಿನಲ್ಲಿ ಆಶಾ ಕಾರ್ಯಕರ್ತೆ ಹೆಸರು ಬರೆಸಿರುತ್ತಾಳೆ, ತಾಯಿ ಕಾರ್ಡಿನ ಮೇಲೆ 12 ಅಂಕಿಯ ಆರ್‌ಸಿಎಚ್ ಸಂಖ್ಯೆ, ಅಂದರೆ ತಾಯಿ-ಮಗುವಿನ ಆರೋಗ್ಯ ದಾಖಲೆಯ ನಂಬರು ಇರುತ್ತದೆ. ಹುಡುಗಿ ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ತವರಿಗೆ ಬರುತ್ತಾಳೆ, ಕಾರ್ಡು ಅತ್ತೆ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ಕಾರ್ಡ್ ಇಲ್ಲ ಅಂದ ಕೂಡಲೇ ನಾನು ಹೊಸ ನೋಂದಣಿ ಮಾಡಿಬಿಡುತ್ತಿದ್ದೆ, ಎರಡು ನಿಮಿಷದ ಕೆಲಸ. ಫಲ ಏನು? ಅಲ್ಲಿನ ಪಟ್ಟಿಯಲ್ಲಿ ಹೆರಿಗೆಯೇ ಆಗದ ಬಸುರಿ, ಇಲ್ಲಿನ ಪಟ್ಟಿಯಲ್ಲಿ ತಪಾಸಣೆಯೇ ಆಗದ ಬಾಣಂತಿ. ಅಲ್ಲಿಯ ಆಶಾ ಮನೆ ಬಾಗಿಲಿಗೆ ಅಲೆದು ಅತ್ತೆಯಿಂದ ಬೈಸಿಕೊಳ್ಳುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ ಎಲ್ಲವೂ ಹಳೆ ಸಂಖ್ಯೆಯ ಜೊತೆ ಅಲ್ಲೇ ಉಳಿದಿರುತ್ತವೆ. ಈಗ ಮೊದಲು ಕೇಳುವುದು ಗಂಡನ ಮೊಬೈಲ್ ನಂಬರು. ಅದರಲ್ಲಿ ಸಿಕ್ಕದಿದ್ದರೆ ಆ ಊರಿನ ಸಿಸ್ಟರಿಗೆ ಫೋನು. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದವರಾದರೆ ಅದೂ ಕಷ್ಟ, ಗದ್ದೆ ಮುಗಿದರೆ ಊರೂ ಬದಲು, ಸಿಮ್ಮೂ ಬದಲು.

ನನ್ನಿಂದಲೇ ಆದ ದೊಡ್ಡ ತಪ್ಪು ಬೇರೆಯದು. 2018ರ ಏಪ್ರಿಲ್‌ನಿಂದ ಕ್ಷಯ ರೋಗಿಗಳಿಗೆ ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ನೇರ ಖಾತೆಗೆ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಆರು ತಿಂಗಳ ಮಾತ್ರೆ ಶುರು ಮಾಡಿದ ಒಬ್ಬ ಗಾರೆ ಕೆಲಸದವರ ಪಾಸ್‌ಬುಕ್ ನೋಡಿ ನಾನೇ ವಿವರ ತುಂಬಿದೆ. ಒಂದಂಕಿಯೂ ತಪ್ಪಲಿಲ್ಲ. ಆದರೂ ನಾಲ್ಕು ತಿಂಗಳು ಕಾಸು ಬರಲಿಲ್ಲ. "ಮೊಟ್ಟೆ ತಿನ್ನು ಅಂತೀರ, ಕಾಸು ಯಾವಾಗವ್ವ?" ಎಂದು ಕಿಟಕಿ ಮುಂದೆ ನಿಂತು ಕೇಳುತ್ತಿದ್ದರು. ಮೇಲಿನವರನ್ನು ಕೇಳಿದೆ, ಬರುತ್ತೆ ಅಂದರು. ಕೊನೆಗೆ ಪಾಸ್‌ಬುಕ್ ಮತ್ತೆ ತರಿಸಿ ಮುಖಪುಟ ನೋಡಿದೆ. ಮೈಸೂರು ಬ್ಯಾಂಕಿನದು. ಅದು 2017ರ ಏಪ್ರಿಲ್ 1ರಂದೇ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗಿತ್ತು, ನಾನು ಬರೆದದ್ದು ಎಸ್‌ಬಿಎಂವೈ ಎಂದು ಶುರುವಾಗುವ ಹಳೆಯ ಐಎಫ್‌ಎಸ್‌ಸಿ, ಅಂದರೆ ಬ್ಯಾಂಕ್ ಶಾಖೆಯ ಗುರುತಿನ ಕೋಡ್. ನಮ್ಮ ಮನೆಯಲ್ಲೇ ಮಾವನವರು ಇವತ್ತಿಗೂ 'ಮೈಸೂರು ಬ್ಯಾಂಕಿಗೆ ಹೋಗ್ಬತ್ತೀನಿ' ಅನ್ನುತ್ತಾರೆ, ಆದರೂ ನನಗೆ ತಟ್ಟಲಿಲ್ಲ. ತಿದ್ದಿ ಕಳಿಸಿದ ಮೇಲೆ ಹಣ ಬಂತು. ಅಷ್ಟರಲ್ಲಿ ಅವರ ಮಾತ್ರೆ ಮುಗಿಯುವುದಕ್ಕೆ ಮೂರು ವಾರ ಬಾಕಿ ಇತ್ತು. ಈಗ ಯಾರ ಪಾಸ್‌ಬುಕ್ ಬಂದರೂ ಮೊದಲು ಕೊನೆಯ ಪುಟ ತಿರುಗಿಸುತ್ತೇನೆ: ಇತ್ತೀಚೆಗೆ ಎಂಟ್ರಿ ಹಾಕಿಸಿದ್ದಾರೆಯೇ, ಖಾತೆ ನಡೆಯುತ್ತಿದೆಯೇ.

ನಿಮ್ಮ ಹುಡುಗಿಯೋ ಹುಡುಗನೋ ಈ ಕೆಲಸಕ್ಕೆ ಸೇರುವುದಿದ್ದರೆ ಟೈಪಿಂಗ್ ವೇಗ ನೋಡಿಕೊಳ್ಳಬೇಡಿ, ಅದು ತಾನಾಗಿ ಬರುತ್ತದೆ. ಸುತ್ತಿನ ಊರುಗಳ ಹೆಸರು, ಬಸ್ಸಿನ ವೇಳೆ, ಆಶಾಗಳ ಫೋನ್ ನಂಬರು, ಇವನ್ನು ಮೊದಲ ತಿಂಗಳಲ್ಲೇ ಬರೆದಿಟ್ಟುಕೊಳ್ಳಲಿ. ಸಂಬಳದ ವಿಷಯ ಸೇರುವ ಮುಂಚೆಯೇ ಬಾಯಿ ಬಿಟ್ಟು ಕೇಳಲಿ.

ನೋಟ್‌ಬುಕ್ಕಿನ ಕೊನೆ ಪುಟ ಬಾಕಿ ಇರುವವರದು. ಸದ್ಯ ಅಲ್ಲಿ ಮೂರು ಹೆಸರಿವೆ. ಒಂದು, ಆಧಾರ್‌ನಲ್ಲಿ ಕೆಂಪಮ್ಮ, ರೇಷನ್ ಕಾರ್ಡಿನಲ್ಲಿ ಕೆಂಪಾಜಮ್ಮ. ಇನ್ನೊಂದು, ಸಿಮ್ ಬದಲಿಸಿ ಹೋದ ಕಬ್ಬು ಕಡಿಯುವವಳು. ಮೂರನೆಯದು ಹೆಸರೇ ಅಲ್ಲ, 'ಬೇಬಿ ಆಫ್' ಅಂತ ಬರೆದು ಮುಂದೆ ತಾಯಿಯ ಹೆಸರು. ಜನನ ನೋಂದಣಿಯಾದ 12 ತಿಂಗಳೊಳಗೆ ಮಗುವಿನ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ನಮ್ಮ ಜನ ಸ್ಕೂಲಿಗೆ ಹಾಕುವ ದಿನದವರೆಗೂ ಪುಟ್ಟ, ಚಿನ್ನಿ ಅಂದುಕೊಂಡೇ ಕಾಲ ಹಾಕುತ್ತಾರೆ. ಈ ಮಗುವಿನ ತಾತನನ್ನು ಎರಡು ಸಲ ಕೇಳಿದೆ, "ಜಾತ್ರೆ ಮುಗೀಲಿ, ದೇವ್ರ ಮುಂದೆ ಇಡ್ತೀವಿ" ಅಂದರು. ಹನ್ನೊಂದು ತಿಂಗಳಾಯಿತು, ದಡಾರದ ಚುಚ್ಚುಮದ್ದಿಗೂ ಬಂದಿಲ್ಲ. ನಾಳೆ ಗುರುವಾರ. ಬಂದರೆ ಎರಡನ್ನೂ ಒಟ್ಟಿಗೆ ಕೇಳಬೇಕು.